ಹೊಸ್ತಿಲ ಹಲಗಿ

ಮುಟ್ಟಬ್ಯಾಡ ತಮ್ಮಾ, ಇನ್ನೂ ಹಸಿ ಐತಿ.
ನೆರಳಾಗ ಒಣಗಬೇಕು ತೊಗಲು,
ಬಿಸಲಿಗಿಟ್ರ ಸಿಟ್ಟಿಗೆದ್ದು ಸೀಳತೈತಿ.
ಕುಂದರು. ಆ ಡಬ್ಬಿ ಮ್ಯಾಲಲ್ಲ,
ಅದರಾಗ ಸುಣ್ಣದ ನೀರೈತಿ.

ಹೋಳಿ ಹುಣ್ಣಿವಿಗೆ ಹನ್ನೊಂದು ದಿನ ಉಳದಾವು,
ಬಾಗಲಕೋಟಿ ಓಣಿ ಓಣಿಗೂ ಈಗ ಹಲಗಿ ಬೇಕು.
ನೀ ಪ್ಲಾಸ್ಟಿಕ್ಕಿಂದು ತರಬಹುದಿತ್ತಲ್ಲ,
ಬಜಾರದಾಗ ಮುನ್ನೂರಕ್ಕ ಸಿಗತಾವು,
ತಂಪಿಗೆ ಮೆತ್ತಗಾಗೂದಿಲ್ಲ, ಬೆಂಕಿ ಬೇಡೂದಿಲ್ಲ.
ನಮ್ಮದು ಹಂಗಲ್ಲ.
ತಾಸಿಗೊಮ್ಮೆ ಕಣಕಿ ಉರಿ ತೋರಿಸಬೇಕು
ಬಾಣಂತಿ ಬೆನ್ನು ಕಾಸಿದಂಗ.

ಐದು ದಿನ ಸುಣ್ಣದಾಗ, ಆಮ್ಯಾಲ ರಂಪಿಗಿ.
ಅಪ್ಪ ಹೇಳತಿದ್ದ: ಗಾಳೆವ್ವಾ,
ಕೂದಲ ಕೆರಿ, ಆಡಿನ ನೆನಪು ಕೆರೀಬ್ಯಾಡ.
ಬೆನ್ನೆಲಬಿನ ಗೆರಿ ನಟ್ಟನಡುವ ಬರೂಹಂಗ ಎಳೀಬೇಕು,
ಸರದ್ರ ದನಿ ಕುಂಟತೈತಿ.
ಹುಣಸಿ ಬೀಜ ಹುರದು, ಬೀಸಿ, ಕುದಿಸಿದ ಅಂಟು;
ಬೆರಳಿಗೆ ಹತ್ತಿದ್ರ ಮೂರು ದಿನ
ರೊಟ್ಟಿಗೂ ಅದ ವಾಸನಿ.

ಅದಾ? ಗ್ವಾಡಿಗೆ ತೂಗಹಾಕಿದ್ದು?
ಅದರ ಕಟ್ಟು ಸಾಗವಾನಿ.
ಹಳೇ ಊರಾಗ, ಹೊಳಿ ಹಿನ್ನೀರು ಬರೂಕಿಂತ ಮದಲ,
ಹುಂಡೇಕಾರರ ಮನಿ ಇತ್ತು.
ಅಪ್ಪ ಅದರ ಮುಂದ ಮೂವತ್ತು ವರ್ಸ ಬಡದಾನ.
ಮದಿವಿ, ತೊಟ್ಟಲಾ, ಹೆಣ.
ಪಾವಟಿಗಿ ಕೆಳಗ ನಿಂತು.
ಜೋಳ ಮ್ಯಾಲಿಂದ ಬೀಳತಿದ್ವು ಅವ್ವನ ಉಡಿಗೆ.
ಹೊಸ್ತಿಲದ ಆಚಿ ಏನೈತಂತ
ಅವಗ ಸಪ್ಪಳದಲೆ ಗೊತ್ತು:
ಬೀಸೂಕಲ್ಲು ಎಡಕ್ಕ, ತೂಗುಮಣಿ ಬಲಕ್ಕ,
ನಡಮನ್ಯಾಗ ತಾಸಿಗೊಮ್ಮೆ ಕೆಮ್ಮೂ ಗಡಿಯಾರ.

ಗ್ವಾಡಿ ಮ್ಯಾಲ ಸರಕಾರ ನಂಬರ ಬರೀತು.
ಮನಿ ಬಿಚ್ಚಿದ್ರು. ಕಂಬ, ಕಿಡಕಿ, ಎಲ್ಲಾ ಲಿಲಾವ.
ತೊಲಿ ಜಮಖಂಡಿಯವ್ರು ಒಯ್ದ್ರು.
ಹೊಸ್ತಿಲಾ ಯಾರಿಗೂ ಬ್ಯಾಡಾತು,
ಯೋಳು ಪೀಳಿಗಿ ಕಾಲಿಗೆ ನಡು ಸವದಿತ್ತು.
ಅಪ್ಪ ನಲವತ್ತು ರೂಪಾಯಿ ಎಣಿಸಿದ.
ಕಾಲಿಡದ ಹೊಸ್ತಿಲಾನ
ತೆಲಿ ಮ್ಯಾಲ ಹೊತ್ತು ತಂದ.

ಸೀದಾ ಕಟಗಿ ಬಳಿ ಆಗೂದಿಲ್ಲ.
ಗರಗಸದಲೆ ನಾಕ ನಾಕ ತುಂಡು ಚಂದ್ರ ಕೊರದ,
ತುದಿಗೆ ತುದಿ ಕೂಡಿಸಿ ತಗಡು ಬಡದ.
ಒಂದು ಹೊಸ್ತಿಲಕ್ಕ ಮೂರು ಹಲಗಿ.
ನಗಬ್ಯಾಡ,
ಕಟಗೀಗೂ ಬಡಿಯೂದಕ್ಕೂ ಅದ ಹೆಸರಲ್ಲೇನು ನಮ್ಮ ಕಡೆ?

ಎರಡು ಮಾರಿದ. ಇದು ಉಳೀತು.
ತೊಗಲು ಹತ್ತು ಸಲ ಬದಲಾಗೇತಿ, ಕಟ್ಟು ಅದ.
ಇಲ್ಲಿ ತೂತು ನೋಡು, ಕದದ ಗೂಟ ತಿರಗತಿತ್ತು ಇದರಾಗ.
ಮೇಣ ತುಂಬು ಅಂದ್ರ ಅಪ್ಪ ತುಂಬಲಿಲ್ಲ.
ಬಡದಾಗ ಗಾಳಿ ಅಲ್ಲಿಂದ ಹೊರಗ ಬರತೈತಿ
ಸಣ್ಣಗ ಕಿರ್ರಂತ,
ಯಾರೋ ಒಳಗಿಂದ ಅಗಳಿ ತೆಗದಂಗ.

ಈಗ ಅಪ್ಪನ ಕೈ ನಡಗತಾವು. ನಾ ಮಾಡತೀನಿ,
ಗಂಡಸರು ಬಡೀತಾರ.
ಮಾಡಿದಾಕಿಗೆ ಒಂದು ಪೆಟ್ಟಿನ ಹಕ್ಕು,
ಬಿಗಿ ಐತೋ ಇಲ್ಲೋ ನೋಡಾಕಷ್ಟ.
ಇಪ್ಪತ್ತಾರು ವರ್ಸದ ಒಂದೊಂದ ಪೆಟ್ಟು
ಕೂಡಿಟ್ಟಿದ್ರ
ಒಂದು ರಾತ್ರಿ ಹೋಳಿ ಆಗತಿತ್ತು ನಂದೂ.

ಮುಂಜಾನಿ ಯಾರೂ ಇಲ್ಲದಾಗ
ಇದನ್ನ ಇಳಿಸಿ ಎರಡನೇ ಪೆಟ್ಟು ಬಡದೆ.
ಒಳಗಿಂದ ಅಪ್ಪ ಕೇಳಿದ, ಯಾರು ಬಂದಾರವ್ವಾ?
ಯಾರಿಲ್ಲ ಅಂದೆ.
ಮೂರನೇದೂ ಬಡದೆ.

ಇದನ್ನ ಕೊಡೂದಿಲ್ಲ.
ಹಸೀದು ನಾಡದು ಬಂದು ಒಯ್ಯಿ, ಬೇವಿನ ಕಟ್ಟು, ಎಂಟನೂರು.
ಹೋಗ್ಲಿ, ಏಳನೂರಾ ಐವತ್ತು ಕೊಡು.
ಹೋಗೂ ಮುಂದ ತಗಡಿನ ಬಾಗಲಾ ಎಳಕೋ,
ನಾಯಿ ತೊಗಲಿನ ವಾಸನಿಗೆ ಬರತಾವು.
ಎಡವತೀನಂತ ಕೆಳಗ ನೋಡಬ್ಯಾಡ.
ನವನಗರದ ಮನಿ ಇದು,
ಹೊಸ್ತಿಲಾ ಇಟ್ಟಿಲ್ಲ.